ಒಂದೂಕಾಲು ಇಂಚಿನ ಹೊಟ್ಟೆಕಿಚ್ಚು

ಅಡುಗೆಮನೆಯಿಂದ ಮಗಳು "ಅಪ್ಪಾ" ಎಂದು ಕರೆದದ್ದೇ ತಡ, ಬಡಗಿ ಕೈಯಲ್ಲಿದ್ದ ಉಳಿ ಕೆಳಗಿಟ್ಟು "ಏನಮ್ಮಾ" ಎಂದ. ಅದೇ ಗಳಿಗೆಗೆ ಪಡಸಾಲೆಯ ಹೊಲಿಗೆ ಯಂತ್ರದ ಹಿಂದಿನಿಂದ ಇನ್ನೊಂದು ದನಿಯೂ "ಏನಮ್ಮಾ" ಎಂದಿತು. ಅದೇ ಮಾತು, ಅದೇ ರಾಗ. ಮಗಳು ತುಂಬಿದ ಹೊಟ್ಟೆಯ ಮೇಲೆ ಒದ್ದೆ ಕೈ ಇಟ್ಟುಕೊಂಡು ಬಾಗಿಲಿಗೆ ಬಂದಳು. ಇಬ್ಬರನ್ನೂ ನೋಡಿ ನಕ್ಕಳು.

"ನೀನಲ್ಲಪ್ಪ, ಅವರು," ಎಂದು ಬಡಗಿಗೆ ಹೇಳಿ, ಮಾವನ ಕಡೆ ತಿರುಗಿದಳು. "ಮಂಡಿ ನೋವಿನ ಮಾತ್ರೆ ತಗೊಂಡ್ರಾ? ಇಲ್ಲ ತಾನೇ? ನನಗೆ ಗೊತ್ತು."

ನೀನಲ್ಲ, ಅವರು. ಇದ್ದದ್ದು ಎರಡೇ ಪದ. ಬಡಗಿಯ ಹೊಟ್ಟೆಯೊಳಗೆ ಯಾರೋ ಬೆಂಕಿಕಡ್ಡಿ ಗೀರಿದ ಹಾಗಾಯಿತು. ಹೊಟ್ಟೆಕಿಚ್ಚಿಗೆ ವಯಸ್ಸಿನ ಹಂಗಿಲ್ಲ ನೋಡಿ, ಅರವತ್ತೆರಡಕ್ಕೂ ಹತ್ತಿಕೊಳ್ಳುತ್ತದೆ. ಹಸಿ ಕಟ್ಟಿಗೆಗಿಂತ ಒಣ ಕಟ್ಟಿಗೆಯೇ ಬೇಗ ಹತ್ತಿಕೊಳ್ಳುವುದು.

ಅವನು ಮಗಳ ಮನೆಗೆ ಬಂದು ನಾಲ್ಕು ದಿನವಾಗಿತ್ತು. ಹೆರಿಗೆಗೆ ಇನ್ನು ಮೂರು ವಾರ. ಅಷ್ಟರೊಳಗೆ ಹಿಂದಿನ ಕೋಣೆಯನ್ನು ಮಗುವಿಗಾಗಿ ಹೊಸದು ಮಾಡಬೇಕೆಂದು ಮನೆಯವರೆಲ್ಲ ಸೊಂಟ ಕಟ್ಟಿ ನಿಂತಿದ್ದರು. ಅದು ಮಗಳ ಮಾವ, ಅಂದರೆ ಬಡಗಿಯ ಬೀಗ, ನಲವತ್ತು ವರ್ಷ ಟೈಲರಾಗಿ ಗುಡ್ಡೆ ಹಾಕಿದ ಬಟ್ಟೆ ಚೂರು, ಕಾಗದದ ಅಚ್ಚು, ಕೈ ಮುರಿದ ಬೊಂಬೆಗಳ ಕೋಣೆ. ಅಳಿಯ ಕೆಲಸಕ್ಕೆ ರಜೆ ಹಾಕಿ ಗೋಡೆ ಕೆರೆದು ಬಣ್ಣ ಬಳಿಯುತ್ತಿದ್ದ. ಕಿಟಕಿಗೆ ಹೊಸ ಚೌಕಟ್ಟು, ಬಾಗಿಲಿಗೆ ಹೊಸ ತಿರುಗಣಿ, ಮಗು ಮಲಗಿಸುವ ಹಲಗೆ, ಇವೆಲ್ಲ ಬಡಗಿಯ ಪಾಲಿನ ಕೆಲಸ.

ಬಡಗಿಗೆ ಇದ್ದವಳು ಇವಳೊಬ್ಬಳೇ. ಹೆಂಡತಿ ತೀರಿಕೊಂಡಾಗ ಮಗಳಿಗೆ ಎಂಟು ವರ್ಷ. ಅಂದಿನಿಂದ ಹುಡುಗಿ ಬೆಳೆದದ್ದೆಲ್ಲ ಅವನ ಕಾರ್ಖಾನೆಯಲ್ಲಿ, ಮರದ ಹೊಟ್ಟಿನ ನಡುವೆ. ಶಾಲೆ ಬಿಟ್ಟು ನೇರ ಅಲ್ಲಿಗೇ ಬರುತ್ತಿದ್ದಳು. ಅಪ್ಪ ಅಳತೆ ತೆಗೆಯುವಾಗ ಕಡ್ಡಿಯ ಆ ತುದಿ ಹಿಡಿಯುವುದು ಅವಳ ಕೆಲಸ. ಬಡಗಿಗೆ ಅಂಕಿಗಳ ಮೇಲೆ ನಂಬಿಕೆಯಿಲ್ಲ. ಟೇಪಿನಲ್ಲಿ ಓದಿದ ಅಂಕಿ ದಾರಿಯಲ್ಲಿ ಮರೆಯುತ್ತದೆ, ಕಿವಿಯಿಂದ ಕಿವಿಗೆ ಹೋಗುವಾಗ ಬದಲಾಗುತ್ತದೆ. ಅದಕ್ಕೇ ಅವನು ಉದ್ದನೆಯ ಚೌಕ ಕಡ್ಡಿಯೊಂದನ್ನು ಜಾಗಕ್ಕೇ ಒಡ್ಡಿ, ಪೆನ್ಸಿಲಿನಲ್ಲಿ ಗೆರೆ ಎಳೆದು, ಆ ಗೆರೆಯನ್ನೇ ಮರದ ಮೇಲಿಟ್ಟು ಕೊಯ್ಯುತ್ತಿದ್ದ. "ಕಡ್ಡಿಗೆ ಬಾಯಿಲ್ಲ, ಅದಕ್ಕೇ ಸುಳ್ಳು ಹೇಳಲ್ಲ," ಎನ್ನುತ್ತಿದ್ದ ಮಗಳಿಗೆ.

ಆಗಿನಿಂದಲೂ ಒಂದು ಹಲಗೆಯನ್ನು ಅವನು ಯಾರಿಗೂ ಕೊಟ್ಟಿರಲಿಲ್ಲ. ಒಳ್ಳೆಯ ತೇಗ, ಒಂದೂಕಾಲು ಇಂಚು ದಪ್ಪ, ಒಂದೂವರೆ ಅಡಿ ಅಗಲ, ಒಂದು ಗಂಟಿಲ್ಲ. ಮಧ್ಯಾಹ್ನ ಹುಡುಗಿಗೆ ನಿದ್ದೆ ಬಂದರೆ ಅದರ ಮೇಲೆ ಚಾಪೆ ಹಾಸಿ ಮಲಗಿಸುತ್ತಿದ್ದ. ಎಷ್ಟೋ ಜನ ಕೇಳಿದರು. "ಅದು ನನ್ನ ಮಗಳದ್ದು," ಎಂದು ಸಾಗಹಾಕಿದ. ಈಗ ಅದನ್ನು ಕಂಬಳಿಯಲ್ಲಿ ಸುತ್ತಿ, ಬಸ್ಸಿನ ನೆತ್ತಿಗೆ ಕಟ್ಟಿಸಿ, ನಿಲ್ದಾಣ ಬಂದಾಗಲೆಲ್ಲ ಇಳಿದು ಹಗ್ಗ ಮುಟ್ಟಿ ನೋಡಿಕೊಂಡು ತಂದಿದ್ದ. ಮಗಳು ಮಲಗಿದ ಹಲಗೆಯ ಮೇಲೆ ಮಗಳ ಮಗು ಮಲಗಬೇಕು. ಅಜ್ಜ ಯಾರು ಎಂದು ಆ ಮಗುವಿನ ಬೆನ್ನಿಗೆ ಗೊತ್ತಾಗಬೇಕು. ಇಷ್ಟೇ ಅವನ ಆಸೆ. ಇದು ಸಣ್ಣ ಆಸೆ ಎಂದು ಅವನು ತಿಳಿದಿದ್ದ.

ಆದರೆ ಈ ಮನೆಯಲ್ಲಿ ಕಾಲಿಟ್ಟಲ್ಲೆಲ್ಲ ಟೈಲರ್. ಮಗಳು ತೊಟ್ಟ ಸಡಿಲ ಬಟ್ಟೆ ಹೊಲಿದದ್ದು ಟೈಲರ್. ಮಗುವಿಗೆ ಎಂದು ಅಂಗೈಯಗಲದ ಅಂಗಿಗಳು ಹನ್ನೆರಡು, ಅವನ್ನು ಹೊಲಿದದ್ದೂ ಟೈಲರ್. ಊಟಕ್ಕೆ ಕೂತರೆ ಅವನದೇ ಮಾತು, ಅವನದೇ ನಗೆಚಾಟಿಕೆ. ಯಾವುದೋ ಕಾಲದಲ್ಲಿ ಮದುಮಗನೊಬ್ಬನ ಪ್ಯಾಂಟು ಮಂಟಪದಲ್ಲೇ ಬಿರಿದ ಕಥೆ ಹೇಳಿದರೆ, ಹತ್ತನೇ ಸಲ ಕೇಳುವ ಮಗಳು ಮೊದಲ ಸಲ ಕೇಳಿದ ಹಾಗೆ ನಗುತ್ತಿದ್ದಳು. ಬಡಗಿಗೆ ಕಥೆ ಹೇಳಲು ಬರುವುದಿಲ್ಲ. ಅವನು ಅನ್ನ ಕಲಸುತ್ತ ತಟ್ಟೆ ನೋಡುತ್ತಿದ್ದ.

ಎಲ್ಲಕ್ಕಿಂತ ಹೆಚ್ಚು ಕಣ್ಣಿಗೆ ಚುಚ್ಚಿದ್ದು ಸೂಜಿ. ಟೈಲರನಿಗೆ ಕಣ್ಣು ಮಂಜಾಗಿತ್ತು. ಯಂತ್ರದ ಹೊಲಿಗೆ ಹೇಗೋ ಸಾಗುತ್ತಿತ್ತು, ಕೈಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ಮಗಳು ಅವನ ಪಕ್ಕ ಸ್ಟೂಲು ಹಾಕಿ ಕೂತು, ದಾರದ ತುದಿಯನ್ನು ನಾಲಗೆಗೆ ಮುಟ್ಟಿಸಿ, ಆರು ಸೂಜಿಗೆ ದಾರ ಪೋಣಿಸಿ ಮೆತ್ತೆಗೆ ಸಿಕ್ಕಿಸುತ್ತಿದ್ದಳು. ದಿನವಿಡೀ ಅವನಿಗೆ ಅಷ್ಟು ಸಾಕು. ಪೋಣಿಸುತ್ತ ಪೋಣಿಸುತ್ತ ಇಬ್ಬರೂ ಮೆಲ್ಲಗೆ ಏನೋ ಮಾತಾಡಿಕೊಳ್ಳುತ್ತಿದ್ದರು. ತನ್ನ ಕಡ್ಡಿಯ ತುದಿ ಹಿಡಿದ ಬೆರಳುಗಳು ಅವು. ಬಡಗಿ ಬಾಗಿಲ ಸಂದಿಯಿಂದ ನೋಡುವುದು, ಹೋಗಿ ಮೊಳೆಗೆ ಬೇಡದಷ್ಟು ಜೋರಾಗಿ ಹೊಡೆಯುವುದು. ಬೀಗಿತ್ತಿ ಒಂದು ದಿನ ಕೇಳಿಯೇಬಿಟ್ಟಳು: "ಏನು ಬೀಗರೇ, ಮೊಳೆ ಮೇಲೆ ಏನಾದ್ರೂ ಹಳೇ ದ್ವೇಷ ಇದೆಯಾ?"

ಬಂದ ದಿನವೇ ಸಂಜೆ ಅವನು ಒಬ್ಬನೇ ಕೋಣೆಗೆ ಹೋಗಿ ಅಳತೆ ತೆಗೆದಿದ್ದ. ಕಿಟಕಿಯ ಕೆಳಗೆ ಎರಡು ಗೋಡೆಗಳ ನಡುವೆ ಒಳಕ್ಕೆ ಸರಿದ ಜಾಗವಿತ್ತು. ಅಲ್ಲಿ ಸೊಂಟದೆತ್ತರಕ್ಕೆ ಹಲಗೆ ಕೂರಿಸಿದರೆ ಮಗಳು ಬೆನ್ನು ಬಗ್ಗಿಸದೆ ಮಗುವಿನ ಬಟ್ಟೆ ಬದಲಿಸಬಹುದು, ಒರೆಸಬಹುದು, ಮಲಗಿಸಬಹುದು. ಕಡ್ಡಿಯ ಒಂದು ತುದಿಯನ್ನು ಗೋಡೆಗೆ ಒತ್ತಿ, ಇನ್ನೊಂದು ಗೋಡೆ ತಾಗುವಲ್ಲಿ ಗೆರೆ ಎಳೆದ. ನಲವತ್ತೊಂಬತ್ತೂಕಾಲು ಇಂಚು. ಹಲಗೆಯ ಉದ್ದ ಐವತ್ತು. ಮುಕ್ಕಾಲು ಇಂಚು ತೆಗೆದರೆ ಮುಗಿಯಿತು, ಈ ಕೋಣೆಗೆಂದೇ ಬೆಳೆದ ಮರದಂತೆ ಕೂತುಕೊಳ್ಳುತ್ತದೆ. ಅವನಿಗೆ ಕಣ್ಣು ಒದ್ದೆಯಾಯಿತು. ಯಾರೂ ನೋಡಲಿಲ್ಲ. ಕಡ್ಡಿಯನ್ನು ತನ್ನ ಉದ್ದನೆಯ ಹತ್ಯಾರದ ಚೀಲಕ್ಕೆ ಸೇರಿಸಿದ.

ಐದನೇ ದಿನ ಬೆಳಿಗ್ಗೆ, ಗೋಡೆಯ ಬಣ್ಣ ಒಣಗಿದ ಮೇಲೆ, "ಇವತ್ತು ಹಲಗೆ ಕೊಯ್ಯೋಣ" ಎಂದು ಬಡಗಿ ಹೇಳಿದ್ದೇ ತಪ್ಪಾಯಿತು. ಟೈಲರ್ ಕುತ್ತಿಗೆಗೆ ನೇತುಹಾಕಿದ್ದ ಟೇಪನ್ನು ಎಳೆದುಕೊಂಡು ಮಂಡಿ ಹಿಡಿಯುತ್ತ ಎದ್ದು ಬಂದ. ಹಳದಿ ಟೇಪು, ಅಂಚು ಸವೆದು ಬಿಳಿಚಿತ್ತು.

"ಅಳತೆ ನಾನು ತೆಗೀತೀನಿ ಬೀಗರೇ. ಹಲಗೆ ನಿಮ್ಮದು, ಕೆಲಸ ನಿಮ್ಮದು, ಅಳತೆಯಾದ್ರೂ ನನ್ನದಿರಲಿ. ನಲವತ್ತು ವರ್ಷ ಊರನ್ನೇ ಅಳೆದ ಕೈ ಇದು. ಮೊಮ್ಮಗು ಮಲಗೋ ಜಾಗ ಅಳೀಬಾರದಾ?"

"ಅಳೀರಿ ಅಪ್ಪಾ," ಎಂದಳು ಮಗಳು. ಪೆನ್ಸಿಲು ತೆಗೆದುಕೊಂಡು ಅವಳೇ ಟೇಪಿನ ಆ ತುದಿ ಹಿಡಿದಳು. ಬಡಗಿ ಅದನ್ನೂ ನೋಡಿದ.

"ನಲವತ್ತೆಂಟು," ಎಂದ ಟೈಲರ್. "ಸರಿಯಾಗಿ ನಲವತ್ತೆಂಟು. ನೋಡಮ್ಮ ನೀನೂ."

ಅವಳು ಬಗ್ಗಿ ನೋಡಿದಳು. ನಲವತ್ತೆಂಟೇ ಇತ್ತು. ಗೋಡೆಯ ಮೂಲೆಯಲ್ಲಿ ಬರೆದಳು.

ಬಡಗಿಗೆ ಅರ್ಧ ನಿಮಿಷದಲ್ಲೇ ಹೊಳೆಯಿತು. ಬಟ್ಟೆಯ ಟೇಪು ವರ್ಷಗಟ್ಟಲೆ ಎಳೆದೂ ಎಳೆದೂ ಉದ್ದವಾಗಿದೆ. ಅದರ ಇಂಚು ಈಗ ಇಂಚಿಗಿಂತ ದೊಡ್ಡದು. ಒಂದೂಕಾಲು ಇಂಚನ್ನು ಅದು ನುಂಗಿ ಕೂತಿದೆ. "ಬೀಗರೇ, ಟೇಪು ಎಳೆದಿದೆ" ಎನ್ನಲು ಅವನು ಬಾಯಿ ತೆರೆದ. ಹೌದು, ತೆರೆದಿದ್ದ, ಅದನ್ನು ಇಲ್ಲವೆನ್ನಬಾರದು.

ಅಷ್ಟರಲ್ಲಿ ಮಗಳು, "ನಮ್ಮಪ್ಪ ಅಳೆದ್ರೆ ಮುಗೀತು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗಲ್ಲ," ಎಂದು ಮಾವನ ಭುಜ ತಟ್ಟಿದಳು.

ನಮ್ಮಪ್ಪ! ಪಕ್ಕದಲ್ಲಿ ಹೆತ್ತಪ್ಪ ಗೂಟದ ಹಾಗೆ ನಿಂತಿದ್ದಾನೆ, ಇವಳಿಗೆ ನಮ್ಮಪ್ಪ ಆತ. ಬಡಗಿ ಬಾಯಿ ಮುಚ್ಚಿದ. ಸರಿ, ನಿಮ್ಮಪ್ಪನ ಅಳತೆ ಎಷ್ಟು ಸರಿಯಾಗಿದೆ ನೀನೇ ನೋಡುವಿಯಂತೆ ಎಂದುಕೊಂಡ.

ಹಿತ್ತಿಲಲ್ಲಿ ಎರಡು ಕುರ್ಚಿಯ ಮೇಲೆ ಹಲಗೆ ಇಟ್ಟ. ಟೈಲರ್ ಅಲ್ಲಿಗೂ ಬಂದ. "ಗುರುತು ಹಾಕೋಕೆ ನನ್ನ ಟೇಪೇ ತಗೊಳ್ಳಿ," ಎಂದು ಚಾಚಿದ. ಆ ಟೇಪನ್ನೇ ತೆಗೆದುಕೊಂಡಿದ್ದರೆ ಸುಳ್ಳಿಗೆ ಸುಳ್ಳು ವಜಾ ಆಗಿ ಹಲಗೆ ಸರಿಯಾಗಿಯೇ ಕೂರುತ್ತಿತ್ತು. ಬಡಗಿಗೆ ಅದೂ ಗೊತ್ತಿತ್ತು. "ಬೇಡ ಬಿಡಿ, ಮರಕ್ಕೆ ನನ್ನದೇ ಇರಲಿ," ಎಂದು ಉಕ್ಕಿನ ಟೇಪು ತೆಗೆದು, ನಲವತ್ತೆಂಟಕ್ಕೆ ಗೆರೆ ಹಾಕಿದ. ಟೈಲರ್ ಒಳಗೆ ಹೋದ ಮೇಲೆ ಗರಗಸ ಇಟ್ಟ.

ಮೊದಲ ಎಳೆತಕ್ಕೆ ಕೈ ಒಮ್ಮೆ ನಿಂತಿತು. ಹದಿನೆಂಟು ವರ್ಷ ಕಾದಿಟ್ಟ ಮರ. ಹೊಸ ಹೊಟ್ಟು ಹಾರಿ, ಹಳೇ ಕಾರ್ಖಾನೆಯ ಮಧ್ಯಾಹ್ನದ ವಾಸನೆ ಮೂಗಿಗೆ ಬಂತು. ಅಡುಗೆಮನೆಯಿಂದ ಮಗಳ ನಗೆಯೂ, ಟೈಲರನ ಪ್ಯಾಂಟಿನ ಕಥೆಯೂ ಕೇಳಿಸಿದವು. ಬಡಗಿ ಗರಗಸ ಎಳೆದ. ಎರಡಿಂಚಿನ ತುಂಡು ನೆಲಕ್ಕೆ ಬಿತ್ತು. ತನ್ನ ಮೂಗು ಕೊಯ್ದುಕೊಂಡು ಇನ್ನೊಬ್ಬರಿಗೆ ಅಪಶಕುನ ಮಾಡುವುದು ಎಂದರೆ ಇದೇ ಅಲ್ಲವೇ? ಮಾಡುವಾಗ ಮೂಗು ನೋಯುವುದಿಲ್ಲ, ಅದೇ ವಿಚಿತ್ರ.

ಮಧ್ಯಾಹ್ನ ಎಲ್ಲರೂ ಕೋಣೆಯಲ್ಲಿ ಸೇರಿದರು. ಗೋಡೆಗೆ ಹೊಡೆದ ಮರದ ಪಟ್ಟಿಗಳ ಮೇಲೆ ಅಳಿಯ ಒಂದು ಕಡೆ, ಬಡಗಿ ಒಂದು ಕಡೆ ಹಿಡಿದು ಹಲಗೆ ಇಳಿಸಿದರು. ಬಲಗೋಡೆಗೆ ಒತ್ತಿದರೆ ಎಡಕ್ಕೆ ಸಂದು. ಎಡಕ್ಕೆ ಒತ್ತಿದರೆ ಬಲಕ್ಕೆ ಸಂದು. ಅಳಿಯ ಸ್ವಲ್ಪ ಅಲುಗಿಸಿ ನೋಡಿದ. ಒಂದು ತುದಿ ಪಟ್ಟಿಯಿಂದ ಜಾರಿ ಠಕ್ಕೆಂದು ಕೆಳಗೆ ಕುಸಿಯಿತು. ಮಗಳು ತನಗರಿವಿಲ್ಲದೆ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಳು.

"ನಲವತ್ತೆಂಟಕ್ಕೇ ಕೊಯ್ದಿದ್ದೀನಿ," ಎಂದ ಬಡಗಿ, ಉಕ್ಕಿನ ಟೇಪನ್ನು ಹಲಗೆಯ ಮೇಲೆ ಎಳೆದು ತೋರಿಸಿ. ಆಮೇಲೆ ಅದೇ ಟೇಪನ್ನು ಗೋಡೆಯಿಂದ ಗೋಡೆಗೆ ಹಿಡಿದ. "ಇಲ್ಲಿರೋದು ನಲವತ್ತೊಂಬತ್ತೂಕಾಲು. ಅಳತೆ ಕೊಟ್ಟೋರು ನಾನಲ್ಲ."

ಟೈಲರ್ ತನ್ನ ಹಳದಿ ಟೇಪನ್ನು ಉಕ್ಕಿನ ಟೇಪಿನ ಪಕ್ಕ ಹಿಡಿದು, ಕಣ್ಣಿಗೆ ಹತ್ತಿರ ತಂದು ನೋಡಿದ. ಹತ್ತು ಇಂಚಿಗೇ ಕಾಲಿಂಚು ವ್ಯತ್ಯಾಸ. ಮುಖ ಬಿಳಿಚಿಕೊಂಡಿತು.

"ಎಳೆದು ಹೋಗಿದೆ," ಎಂದ. "ಅಳೆದದ್ದೂ ಇದ್ರಲ್ಲೇ, ಕತ್ತರಿಸಿದ್ದೂ ಇದ್ರಲ್ಲೇ. ಅದಕ್ಕೇ ಯಾರ ಅಂಗೀನೂ ಕೆಟ್ಟಿರಲಿಲ್ಲ. ನನಗೆ ಗೊತ್ತಾಗಲೇ ಇಲ್ಲ." ಹಲಗೆಯ ಕೊಯ್ದ ಅಂಚನ್ನು ಬೆರಳಲ್ಲಿ ಸವರುತ್ತ ಮಗುವಿನ ಹಾಗೆ ಕೇಳಿದ: "ಬಟ್ಟೆ ಆಗಿದ್ರೆ ಒಳಗೆ ಒಂದಿಷ್ಟು ಬಿಟ್ಟಿರ್ತೀವಿ, ಬೇಕಾದಾಗ ಬಿಚ್ಚಿ ದೊಡ್ಡದು ಮಾಡಬಹುದು. ಮರದಲ್ಲಿ ಹಾಗೇನೂ ಬಿಟ್ಟಿರಲ್ವಾ ಬೀಗರೇ?"

"ಇಲ್ಲ. ಕೊಯ್ದ ತುಂಡನ್ನ ಮತ್ತೆ ತುದಿಗೆ ತುದಿ ಅಂಟಿಸಿದ್ರೆ ನಿಲ್ಲಲ್ಲ."

ಟೈಲರ್ ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡು, ಬಾಗಿಲ ಚೌಕಟ್ಟು ಹಿಡಿದು ಹೊರಗೆ ಹೋದ. ಬಡಗಿ ಗೆದ್ದಿದ್ದ. ಗೆದ್ದವನು ಹೇಗಿರಬೇಕೋ ಹಾಗಿರಲು ಬಹಳ ಪ್ರಯತ್ನಪಟ್ಟ. ಸಂಜೆಯ ಕಾಫಿಯನ್ನು ಮಾತ್ರ ಅರ್ಧಕ್ಕೇ ಬಿಟ್ಟು ಎದ್ದ.

ಮರುದಿನ ಬೆಳಿಗ್ಗೆ ಮಗಳು ಎಂದಿನಂತೆ ಸ್ಟೂಲು ಹಾಕಿ ಆರು ಸೂಜಿಗೆ ದಾರ ಪೋಣಿಸಿದಳು. ಟೈಲರ್ ಯಂತ್ರದ ಮುಂದೆ ಕೂತಿರಲಿಲ್ಲ. ವರಾಂಡದಲ್ಲಿ ರಸ್ತೆ ನೋಡುತ್ತ ಕೂತಿದ್ದ. ಹಲಗೆಯ ಮೇಲೆ ಹಾಸಲೆಂದು ಅವನು ಹೊಲಿಯುತ್ತಿದ್ದ ಪುಟ್ಟ ಹಾಸಿಗೆ ಒಂದು ಬದಿ ಬಾಯಿ ತೆರೆದುಕೊಂಡು ಬಿದ್ದಿತ್ತು, ಹತ್ತಿ ಹೊರಗೆ ಇಣುಕುತ್ತಿತ್ತು. ಕಸದ ಬುಟ್ಟಿಯಲ್ಲಿ ಹಳದಿ ಟೇಪು, ಮೂರು ತುಂಡು.

"ಇವರಿಗೆ ಏನಾಗಿದೆ ಅಂತ," ಎಂದಳು ಬೀಗಿತ್ತಿ ಬಡಗಿಗೆ, ಯಾವ ತಮಾಷೆಯೂ ಇಲ್ಲದೆ. "ಊಟ ಬೇಡವಂತೆ. ಹೊಲಿಗೆ ಬೇಡವಂತೆ. 'ನನ್ನ ಕಾಲ ಮುಗೀತು ಕಣೇ' ಅಂತಾರೆ. ಒಂದು ಹಲಗೆಗೆ ಇಷ್ಟೆಲ್ಲಾನಾ?"

ಬಡಗಿ ಕೋಣೆಗೆ ಹೋದ. ಅಲ್ಲಿ ಮಗಳು ಪೊರಕೆ ಹಿಡಿದು ನಿಂತಿದ್ದಳು. ಬಗ್ಗಿ ಗುಡಿಸಲು ಆಗದೆ, ಅವನ ಚೀಲವನ್ನು ಕಾಲಿಂದ ಪಕ್ಕಕ್ಕೆ ಸರಿಸಿರಬೇಕು, ಚೀಲ ಉರುಳಿತ್ತು. ಉಳಿ, ಸುತ್ತಿಗೆ, ಮೊಳೆಯ ಡಬ್ಬಿ, ಕಡ್ಡಿ. ಕಡ್ಡಿ ಅವಳ ಕೈಯಲ್ಲಿತ್ತು.

ಅವಳು ಕಡ್ಡಿಯ ತುದಿಯನ್ನು ಎಡಗೋಡೆಗೆ ಒತ್ತಿ ಹಿಡಿದಳು. ಇನ್ನೊಂದು ಗೋಡೆಯ ಅಂಚು ಪೆನ್ಸಿಲ್ ಗೆರೆಯ ಮೇಲೆ ಸರಿಯಾಗಿ ಬಂದು ನಿಂತಿತು. ಗೆರೆಯ ಪಕ್ಕದಲ್ಲಿ ಬಡಗಿಯ ಗುರುತು, ಅವನು ಯಾವಾಗಲೂ ಹಾಕುವ ಸಣ್ಣ ಸೊನ್ನೆ. ಹತ್ತು ವರ್ಷ ಆ ಸೊನ್ನೆ ನೋಡಿ ಬೆಳೆದವಳು ಅವಳು.

"ಇದು ಯಾವಾಗ ತೆಗೆದದ್ದು?"

ಬಡಗಿ ನೆಲದಲ್ಲಿದ್ದ ಉಳಿಯನ್ನು ಎತ್ತಿ ಚೀಲಕ್ಕೆ ಹಾಕಿದ.

"ಬಂದ ದಿನ ಅಲ್ವಾ? ನೀನು ಯಾವತ್ತೂ ಬಂದ ದಿನವೇ ತೆಗೆಯೋದು. ಅಂದ್ರೆ ನಿನಗೆ ಗೊತ್ತಿತ್ತು. ಅವರು ನಲವತ್ತೆಂಟು ಅಂದಾಗ ಗೊತ್ತಿತ್ತು. ಕೊಯ್ಯೋವಾಗ ಗೊತ್ತಿತ್ತು."

"ಹೂಂ," ಎಂದ.

"ನನ್ನ ಹಲಗೆ ಅಪ್ಪ ಅದು." ಅವಳ ದನಿ ಒಡೆಯಿತು. "ನನ್ನ ಹಲಗೆ. ಅವರ ಮೇಲೆ ಸಿಟ್ಟಿದ್ರೆ ಅವರನ್ನ ಬೈಬೇಕಿತ್ತು. ಅದನ್ನ ಯಾಕೆ ಕೊಯ್ದೆ?"

"ನೀನು ಅವರನ್ನ ಅಪ್ಪ ಅಂತೀಯ." ಅರವತ್ತೆರಡು ವರ್ಷದ ಗಂಡಸು, ಕೂದಲು ನೆರೆತವನು, ಐದು ವರ್ಷದ ಹುಡುಗನ ಹಾಗೆ ಹೇಳಿಬಿಟ್ಟ. "ದಿನಕ್ಕೆ ನೂರು ಸಲ ಅಂತೀಯ. ನಿನ್ನೆ 'ನಮ್ಮಪ್ಪ' ಅಂದೆ. ನಾನು ಪಕ್ಕದಲ್ಲೇ ಇದ್ದೆ."

ಮಗಳು ಸ್ಟೂಲಿನ ಮೇಲೆ ಕೂತಳು. ಕಡ್ಡಿಯನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡಳು.

"ಮದುವೆ ದಿನ ನೀನೇ ಹೇಳಿದ್ದು, ಇನ್ಮೇಲೆ ಅವರೇ ನಿನಗೆ ಅಪ್ಪ ಅಂತ. ಅದಕ್ಕೆ ಕರೆದೆ ಅಂದ್ಕೋಬೇಡ. ನಿನ್ನ ಮಾತು ನಾನು ಯಾವಾಗ ಕೇಳಿದ್ದೀನಿ?" ನಗಲು ನೋಡಿದಳು, ಆಗಲಿಲ್ಲ. "ಎಂಟನೇ ವಯಸ್ಸಿನಿಂದ ಈ ಬಾಯಿಗೆ ಅದೊಂದೇ ಅಭ್ಯಾಸ. ಹಸಿವಾದ್ರೂ ಅಪ್ಪಾ, ಕಾಲಿಗೆ ಸಿಬಿರು ಚುಚ್ಚಿದ್ರೂ ಅಪ್ಪಾ. ಅಮ್ಮ ಅಂತ ಕರೆಯೋಕೆ ಯಾರಿದ್ರು? ಈ ಮನೆಗೆ ಬಂದ ಮೊದಲನೇ ದಿನ ಸ್ನಾನದ ಮನೆಯಲ್ಲಿ ಜಾರಿ ಬಿದ್ದೆ. ಅಪ್ಪಾ ಅಂತ ಕಿರುಚಿದೆ. ನಿನ್ನನ್ನೇ ಕರೆದದ್ದು. ಅವರು ಓಡಿ ಬಂದು ಬಾಗಿಲಾಚೆ ನಿಂತು 'ಏನಮ್ಮಾ' ಅಂದ್ರು. ಆಮೇಲೆ 'ನಿಮ್ಮನ್ನಲ್ಲ' ಅಂತ ಹೇಗೆ ಹೇಳ್ಲಿ?"

ಬಡಗಿ ಗೋಡೆಗೆ ಒರಗಿದ. ಬಣ್ಣ ಹಸಿಯಾಗಿದ್ದರೂ ಒರಗುತ್ತಿದ್ದ.

"ನಾನು ಯಾರಿಗೂ ಹೇಳಲ್ಲ," ಎಂದಳು ಕಡ್ಡಿ ಚಾಚುತ್ತ. "ನಾನು ಹೇಳಿದ್ರೆ ಅವರು ನಿನ್ನ ಮುಖ ನೋಡಲ್ಲ. ನೀನೇ ಹೇಳದೇ ಇದ್ರೆ ನಾನು ನೋಡೋದು ಕಷ್ಟ."

ಕಡ್ಡಿ ಹಿಡಿದು ವರಾಂಡದವರೆಗೆ ಹೋಗಲು ಇಪ್ಪತ್ತು ಹೆಜ್ಜೆ ಸಾಕು. ಬಡಗಿ ನಡುವೆ ಎರಡು ಸಲ ನಿಂತ. ಟೈಲರ್ ತಿರುಗಿ ನೋಡಲಿಲ್ಲ. ಬೀಗಿತ್ತಿ ಸೊಪ್ಪು ಬಿಡಿಸುತ್ತಿದ್ದಳು, ಅಳಿಯ ಕುಂಚ ತೊಳೆಯುತ್ತಿದ್ದ. ಎಲ್ಲರೂ ಇದ್ದಾರೆ, ಆಮೇಲೆ ಹೇಳೋಣ ಎಂದು ಮನಸ್ಸು ಹೇಳಿತು. ನಿನ್ನೆ ಅವನ ಮಾನ ಕಳೆಯುವಾಗಲೂ ಎಲ್ಲರೂ ಇದ್ದರಲ್ಲ?

"ಬೀಗರೇ," ಎಂದ. "ನಿಮ್ಮ ಟೇಪು ಎಳೆದಿದ್ದು ನಿಜ. ಆದ್ರೆ ಸರಿಯಾದ ಅಳತೆ ನನ್ನ ಹತ್ರ ಇತ್ತು. ಈ ಕಡ್ಡೀಲಿ. ಮೊದಲ ದಿನದಿಂದ ಇತ್ತು. ಗೊತ್ತಿದ್ದೂ ಗೊತ್ತಿದ್ದೂ ಕೊಯ್ದೆ. ನಿಮ್ಮನ್ನ ಎಲ್ಲರ ಮುಂದೆ ತಲೆ ತಗ್ಗಿಸೋ ಹಾಗೆ ಮಾಡಬೇಕು ಅಂತಲೇ ಕೊಯ್ದೆ."

ಸೊಪ್ಪು ಬಿಡಿಸುವ ಕೈ ನಿಂತಿತು. ಟೈಲರ್ ಕಡ್ಡಿ ತೆಗೆದುಕೊಂಡು, ಗೆರೆಯನ್ನು ಕಣ್ಣಿಗೆ ಹತ್ತಿರ ತಂದು ಬಹಳ ಹೊತ್ತು ನೋಡಿದ.

"ಯಾಕೆ?"

"ಹೊಟ್ಟೆಕಿಚ್ಚು," ಎಂದ ಬಡಗಿ. "ಬೇರೇನಿಲ್ಲ."

ಕ್ಷಮಿಸಿಬಿಟ್ಟ ಎಂದು ಹೇಳಿದರೆ ಕಥೆಗೆ ಚೆನ್ನ. ಟೈಲರ್ ಕ್ಷಮಿಸಲಿಲ್ಲ.

"ನಲವತ್ತು ವರ್ಷ ಒಬ್ಬ ಗಿರಾಕಿ ಮುಂದೆ ನಾನು ತಲೆ ತಗ್ಗಿಸಿದವನಲ್ಲ. ನಿನ್ನೆ ನನ್ನ ಸೊಸೆ ಹೊಟ್ಟೆ ಹಿಡ್ಕೊಂಡಿದ್ದು ನೋಡಿದ್ರಾ ನೀವು? ನಾನು ನೋಡಿದೆ. ಕಣ್ಣು ಹೋಯ್ತು, ಕೈಯೂ ಹೋಯ್ತು, ಇನ್ನು ಮಗೂನ ಎತ್ಕೊಳ್ಳೋಕಾದ್ರೂ ನನ್ನ ಕೈಗೆ ಕೊಡ್ತಾರೋ ಇಲ್ವೋ ಅಂತ ನಿದ್ದೆ ಬರ್ಲಿಲ್ಲ ನನಗೆ." ಕಡ್ಡಿಯನ್ನು ಬಡಗಿಯ ಕಾಲ ಬಳಿ ಹಾಕಿ, ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದ.

"ಇಬ್ಬರೂ ಅರವತ್ತು ದಾಟಿದೋರು," ಎಂದಳು ಬೀಗಿತ್ತಿ, ಸೊಪ್ಪಿನ ಕಡೆಗೇ ನೋಡುತ್ತ. "ಆ ಹೊಟ್ಟೆಯಲ್ಲಿರೋದೇ ವಾಸಿ. ಒದ್ರೆ ಒದೀತು ಅಂತ ಗೊತ್ತಾದ್ರೂ ಆಗುತ್ತೆ."

ಬಡಗಿ ಕೋಣೆಗೆ ಮರಳಿ ಕೆಲಸಕ್ಕೆ ಕೂತ. ಗೋಡೆಯ ಪಟ್ಟಿಗಳನ್ನು ಕಿತ್ತು ಎರಡರಷ್ಟು ಅಗಲದವನ್ನು ಹೊಡೆದ; ಇನ್ನು ಹಲಗೆ ಜಾರುವ ಮಾತಿಲ್ಲ. ಉಳಿದದ್ದು ಆ ಒಂದೂಕಾಲು ಇಂಚಿನ ಸಂದು. ಮಗುವಿನ ಕೈಬೆರಳು ಸಿಕ್ಕಿಕೊಳ್ಳುವಷ್ಟು ಸಂದು. ಹಲಗೆಯ ತುದಿಗೆ ಅಡ್ಡಲಾಗಿ ಒಂದು ಪಟ್ಟಿ ಕೂರಿಸಿ, ಮರದ ಗೂಟಗಳಿಂದ ಒಳಗಿಂದೊಳಗೆ ಬಿಗಿಯಬೇಕು. ಮರಕ್ಕಾಗಿ ಅತ್ತಿತ್ತ ನೋಡುತ್ತಿದ್ದಾಗ ಮಗಳು ಬಂದು ಕಡ್ಡಿಯನ್ನು ಮುಂದೆ ಇಟ್ಟಳು.

"ಇದನ್ನೇ ಹಾಕು."

ಬಡಗಿ ತಲೆಯೆತ್ತಿ ನೋಡಿದ. ಅವಳು ತಮಾಷೆ ಮಾಡುತ್ತಿರಲಿಲ್ಲ. ಚೌಕ ಕಡ್ಡಿ, ಎಲ್ಲ ಬದಿಯೂ ಒಂದೂಕಾಲಿಗಿಂತ ಕೂದಲೆಳೆ ಹೆಚ್ಚು; ಗೆರೆಯಿಲ್ಲದ ಬದಿಗೆ ತೋಪಡ ಹಿಡಿದು ಒಂದೆರಡು ಸಲ ಹೆರೆದರೆ ಸರಿಹೋಗುತ್ತದೆ. ಮೂವತ್ತು ವರ್ಷದ ಕಡ್ಡಿ. ಅದನ್ನು ಕೊಯ್ಯಲು ಅವನಿಗೆ ಹಲಗೆ ಕೊಯ್ದಷ್ಟು ಹೊತ್ತು ಬೇಕಾಗಲಿಲ್ಲ. ಗೆರೆ ಇರುವ ಕಡೆಯಿಂದಲೇ ಒಂದೂವರೆ ಅಡಿ ತೆಗೆದ.

ಗೂಟ ಹೊಡೆಯುವಾಗ ಹಲಗೆಯ ಆಚೆ ತುದಿ ಅಲುಗದಂತೆ ಒಬ್ಬರು ಹಿಡಿಯಬೇಕಿತ್ತು. ಅಳಿಯ ಪೇಟೆಗೆ ಹೋಗಿದ್ದ. ಮಗಳನ್ನು ಹಿಡಿ ಎನ್ನುವ ಹಾಗಿಲ್ಲ. ಬಡಗಿ ಮಂಡಿಯಿಂದ ಒತ್ತಿ ಹಿಡಿದು ಒದ್ದಾಡುತ್ತಿದ್ದ. ಬಾಗಿಲಲ್ಲಿ ನೆರಳು ಬಿತ್ತು. ಟೈಲರ್ ಒಳಗೆ ಬಂದು, ಆಚೆ ತುದಿಯನ್ನು ಎರಡೂ ಕೈಯಲ್ಲಿ ಹಿಡಿದ. ಚೆನ್ನಾಗಿಯೇ ಹಿಡಿದ. ಕಣ್ಣು ಹೋಗಿತ್ತೇ ಹೊರತು ಕೈ ಹೋಗಿರಲಿಲ್ಲ.

ಕೆಲಸ ಮುಗಿಯುವವರೆಗೆ ಇಬ್ಬರ ನಡುವೆ ನಡೆದ ಮಾತು ಇಷ್ಟೇ: "ಸ್ವಲ್ಪ ಎತ್ತಿ." "ಸಾಕಾ?" "ಸಾಕು."

ಹಲಗೆ ಗೋಡೆಯಿಂದ ಗೋಡೆಗೆ ಬಿಗಿಯಾಗಿ ಕೂತಿತು. ಕಾಗದ ತೂರುವಷ್ಟೂ ಸಂದಿರಲಿಲ್ಲ. ತೇಗದ ಕಂದು ಮುಗಿದಲ್ಲಿ ಕಡ್ಡಿಯ ಬಿಳಿಚು ಮರ ಒಂದು ಅಂಚಿನ ಹಾಗೆ ಕಾಣುತ್ತಿತ್ತು, ಅದರ ಮೇಲೆ ಪೆನ್ಸಿ‍ಲಿನ ಗೆರೆ, ಗೆರೆಯ ಪಕ್ಕ ಸೊನ್ನೆ. ಬಡಗಿ ಉಜ್ಜುಕಾಗದ ತೆಗೆದು ಗೆರೆಯ ಮೇಲೆ ಇಟ್ಟ.

"ಅದನ್ನ ಹಾಗೇ ಬಿಡು," ಎಂದಳು ಮಗಳು. ಅವಳು ನೆಲದ ಮೇಲೆ ಚಾಪೆ ಹಾಕಿಕೊಂಡು ಕೂತಿದ್ದಳು.

"ಮಗು ದೊಡ್ಡದಾಗಿ ಇದೇನು ಗೆರೆ ಅಂತ ಕೇಳಿದ್ರೆ?"

"ನಿಮ್ಮಜ್ಜನಿಗೆ ಸರಿಯಾದ ಅಳತೆ ಗೊತ್ತಿತ್ತು, ಹೊಟ್ಟೆಕಿಚ್ಚಿಗೆ ತಪ್ಪು ಕೊಯ್ದ ಅಂತ ಹೇಳ್ತೀನಿ."

ಬಡಗಿ ತಲೆ ತಗ್ಗಿಸಿದ. ಟೈಲರ್ ಗಂಟಲು ಸರಿಮಾಡಿಕೊಂಡ.

"ಹಾಗೆ ಪೂರ್ತಿ ಅವರ ಮೇಲೇ ಹಾಕೋದು ಸರಿಯಲ್ಲಮ್ಮ. ನನ್ನ ಟೇಪೂ ಸೇರಿತ್ತಲ್ಲ. ಅಳತೆ ನಾನೇ ತೆಗೀಬೇಕು ಅಂತ ಹಟ ಹಿಡಿದಿದ್ದು ಯಾಕೆ? ಹಲಗೆ ಅವರದ್ದು ಅಂತ ನನಗೂ ಒಳಗೊಳಗೇ ಇತ್ತು. ಅರ್ಧ ತಪ್ಪು ಈ ಅಜ್ಜಂದು ಅಂತ ಹೇಳು."

"ಯಾಕೆ, ಅರ್ಧ ಯಾಕೆ?" ಬಡಗಿ ಥಟ್ಟನೆ ತಿರುಗಿದ. "ತಪ್ಪು ಪೂರ್ತಿ ನನ್ನದು. ಅದ್ರಲ್ಲೂ ಪಾಲು ಕೇಳೋಕೆ ಬರಬೇಡಿ ನೀವು."

ಮಗಳು ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಪ್ಯಾಂಟಿನ ಕಥೆಗೂ ಅವಳು ಹಾಗೆ ನಕ್ಕದ್ದನ್ನು ಬಡಗಿ ನೋಡಿರಲಿಲ್ಲ. ನಕ್ಕು ಸುಸ್ತಾಗಿ, ಏಳಲಾರದೆ, ಕೈ ಮುಂದೆ ಚಾಚಿ "ಅಪ್ಪಾ" ಎಂದಳು.

ಬಡಗಿಯ ಕೈಯೂ ಮುಂದೆ ಬಂತು, ಟೈಲರನ ಕೈಯೂ ಮುಂದೆ ಬಂತು. ಬಡಗಿ ತನ್ನ ಕೈ ಹಿಂದಕ್ಕೆ ತೆಗೆದ. ಟೈಲರನೂ ತೆಗೆದ.

"ಈ ಭಾರಕ್ಕೆ ಒಬ್ಬರು ಎಲ್ಲಿ ಸಾಲ್ತಾರೆ?" ಎಂದಳು ಮಗಳು. "ಇಬ್ಬರೂ ಹಿಡೀರಿ."

ಇಬ್ಬರೂ ಹಿಡಿದು ಎಬ್ಬಿಸಿದರು. ತನ್ನ ಕೈಯನ್ನೇ ಅವಳು ಸ್ವಲ್ಪ ಹೆಚ್ಚು ಬಿಗಿಯಾಗಿ ಹಿಡಿದಳೆಂದು ಬಡಗಿಗೆ ಅನ್ನಿಸಿತು. ಟೈಲರನ ಮುಖ ನೋಡಿದರೆ, ಅವನಿಗೂ ಹಾಗೇ ಅನ್ನಿಸಿದಂತಿತ್ತು.